ಯಾರ ಕೈಯ ಮೊಳ

ದೋಣಿಯನ್ನು ಸ್ವಲ್ಪ ದೊಡ್ಡದು ಮಾಡಿಸಬೇಕೋ ಬೇಡವೋ ಎಂಬ ಮಾತು ನಮ್ಮ ಮನೆಯಲ್ಲಿ ಎಷ್ಟು ವರ್ಷ ನಡೆಯಿತೆಂದರೆ, ಆ ಮಾತು ಶುರುವಾದಾಗ ಕಟ್ಟೆಯ ಪಕ್ಕ ನೆಟ್ಟ ಬೇವಿನ ಸಸಿ ಮರವಾಗಿ, ಕೊನೆಕೊನೆಗೆ ಅದರ ನೆರಳಿನಲ್ಲೇ ಕೂತು ಮಾತಾಡುವಂತಾಯಿತು. ಕೂತವರು ಗಂಡಸರು. ಅವರಿಗೆ ಚಹಾ ಕೊಟ್ಟವಳು ನಾನು. ದೋಣಿ ನಡೆಸುತ್ತಿದ್ದವಳೂ ನಾನೇ. ಆದರೆ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಇವತ್ತಿಗೂ ಅದನ್ನು ನೆನೆಸಿಕೊಂಡರೆ ನನಗೆ ಮೈ ಉರಿಯುತ್ತದೆ.

ನಮ್ಮ ಊರು ಕಾಗಿಣಾ ಹೊಳೆಯ ದಂಡೆಯ ಮೇಲಿತ್ತು. ಈ ಬದಿಗೆ ವಾಡಿಯ ದಾರಿ, ಆ ಬದಿಗೆ ಶಹಾಬಾದಿನ ದಾರಿ. ನಡುವೆ ಜನರನ್ನು ದಾಟಿಸುವುದು ನನ್ನ ಗಂಡನ ಮನೆತನದ ಕೆಲಸ. ಅಣ್ಣತಮ್ಮಂದಿರು ಮೂವರು, ಮನೆ ಮೂರು, ದೋಣಿ ಒಂದೇ. ಒಂದು ಸಂತೆಯಿಂದ ಮುಂದಿನ ಸಂತೆಯವರೆಗೆ ಒಂದು ಮನೆಯ ಪಾಳಿ. ಸುಗ್ಗಿಯಲ್ಲಿ ಎರಡೂ ದಂಡೆಯ ಊರಿನವರು ಕೊಡುವ ಜೋಳವನ್ನು ಪಾಳಿ ಹಿಡಿದ ಮನೆಗಳವರು ಹಂಚಿಕೊಳ್ಳುತ್ತಿದ್ದರು. ಹಿರಿಯ ಭಾವನಿಗೆ ಹೊಳೆಯ ಪಕ್ಕದಲ್ಲೇ ಹೊಲವಿತ್ತು. ಕಿರಿಯ ಮೈದುನ ಶಹಾಬಾದಿನ ಒಂದು ಕಾರ್ಖಾನೆಗೆ ದಿನಾ ಸೈಕಲ್ಲಿನ ಮೇಲೆ ಹೋಗುತ್ತಿದ್ದ. ನಡುವಿನವರು ನಮ್ಮ ಮನೆಯವರು. ಮದುವೆಯಾದ ಹೊಸದರಲ್ಲೇ ವಾಡಿಯಲ್ಲಿ ಸಿಮೆಂಟಿನ ಕೆಲಸಕ್ಕೆ ಸೇರಿ, ಅಲ್ಲಿಯ ಕ್ವಾರ್ಟರ್ಸಿನಲ್ಲಿ ಉಳಿದರು. ರಜೆ ಸಿಕ್ಕಾಗ ಊರಿಗೆ ಬರುತ್ತಿದ್ದರು. ಅವರ ರಜೆಯೂ ನಮ್ಮ ಪಾಳಿಯೂ ಒಂದು ಸಲವೂ ಕೂಡಿ ಬರಲಿಲ್ಲ.

ಮೊದಲ ಮಳೆಗಾಲದಲ್ಲೇ ಅತ್ತೆ ದೋಣಿ ನೂಕುವ ಗಳವನ್ನು ತಂದು ನನ್ನ ಮುಂದೆ ಗೋಡೆಗೆ ಆನಿಸಿದರು. "ನೀ ಹೊಳಿದಂಡಿ ಮನಿ ಮಗಳಲ್ಲೇನ? ಹಿಡಿ ಗಳಾ. ಪಾಳಿ ಬಿಟ್ರ ಮತ್ತ ಕೈಗಿ ಬರಂಗಿಲ್ಲ" ಅಂದರು. ನನ್ನ ತವರು ನಾಲವಾರದ ಆಚೆ ಭೀಮೆಯ ದಂಡೆಯ ಮೇಲೆ. ಅಪ್ಪನ ಜೊತೆ ದೋಣಿಯಲ್ಲಿ ಕೂತೇ ಬೆಳೆದವಳು. ಹೊಸ ಸೊಸೆ ಗಳ ಹಿಡಿದು ನಿಂತಳೆಂದು ಊರಿನ ಹೆಂಗಸರು ಬಾಯಿಯ ಮೇಲೆ ಸೆರಗು ಇಟ್ಟುಕೊಂಡು ನಕ್ಕರು. ನಕ್ಕವರೇ ಮರುದಿನ ಬುಟ್ಟಿ ಹಿಡಿದುಕೊಂಡು ಬಂದು ದೋಣಿಯಲ್ಲಿ ಕೂತರು.

ಕಾಗಿಣಾ ದಾಟುವುದು ಕಷ್ಟವಲ್ಲ. ದಾಟಿದ ಮೇಲೆ ದೋಣಿಯನ್ನು ಹಿಂದಕ್ಕೆ ತರುವುದು ಕಷ್ಟ. ಹರಿವು ದೋಣಿಯನ್ನು ಕೆಳಗಿನ ಬಂಡೆಗಳ ತನಕ ಒಯ್ದು ಬಿಡುತ್ತದೆ. ಗಂಡಸರಾದರೆ ದಂಡೆಗಿಳಿದು ಹಗ್ಗ ಹೆಗಲಿಗೆ ಹಾಕಿ ಮೇಲಕ್ಕೆ ಎಳೆದು ತರುತ್ತಿದ್ದರು. ನನಗೆ ಆ ಹೆಗಲಿರಲಿಲ್ಲ. ಮೂರು ದಿನ ಎಳೆದೆ, ಅಂಗೈ ಸುಲಿದು ರೊಟ್ಟಿ ಬಡಿಯಲೂ ಆಗಲಿಲ್ಲ. ಆಗ ಅಪ್ಪ ಭೀಮೆಯಲ್ಲಿ ಮಾಡುತ್ತಿದ್ದುದು ನೆನಪಾಯಿತು. ನಮ್ಮ ಹೊಳೆ ಹರಿಯುವುದು ಹೊತ್ತು ಮುಳುಗುವ ದಿಕ್ಕಿಗೆ. ಮಳೆಗಾಲದ ಗಾಳಿ ಬೀಸುವುದು ಅದಕ್ಕೆ ಎದುರಾಗಿ. ನೀರು ಕೆಳಕ್ಕೆ ಒಯ್ದದ್ದನ್ನು ಗಾಳಿ ಮೇಲಕ್ಕೆ ತಂದು ಕೊಡುತ್ತದೆ, ಹಿಡಿದುಕೊಳ್ಳಲು ಒಂದು ಅರಿವೆ ಬೇಕು ಅಷ್ಟೆ. ಅತ್ತೆ ಟ್ರಂಕಿನಿಂದ ತೀರಿಹೋದ ಮಾವನ ಧೋತರಗಳನ್ನು ತೆಗೆದು ಕೊಟ್ಟರು. ಎರಡನ್ನು ಕೂಡಿಸಿ ಹೊಲಿದು, ದೋಣಿಯ ನಡುವೆ ಒಂದು ಬಿದಿರು ನಿಲ್ಲಿಸಿ ಕಟ್ಟಿದೆ. ಹಾಯಿ ಎಂಬ ಮಾತು ನಮ್ಮ ಕಡೆ ಯಾರ ಬಾಯಲ್ಲೂ ಇರಲಿಲ್ಲ; ಎಲ್ಲರೂ ಅದನ್ನು ಅರಿವಿ ಅಂದರು. "ಮಾವನ ಧೋತರ ಹಾರಿಸ್ಕೋತ ಹೊಂಟಾಳ ನೋಡ್ರಿ ಸೊಸಿ" ಎಂದು ಒಂದು ಮಳೆಗಾಲ ಪೂರ್ತಿ ಚೇಷ್ಟೆ ಮಾಡಿದರು. ಮುಂದಿನ ಮಳೆಗಾಲಕ್ಕೆ ಭಾವನೂ ಮೈದುನನೂ ತಮ್ಮ ಪಾಳಿಯಲ್ಲಿ ಅದೇ ಅರಿವೆ ಕಟ್ಟತೊಡಗಿದರು. ಬಿಚ್ಚುವಾಗ ಹರಿದರೆ ಹೊಲಿಯಲು ನನ್ನ ಹತ್ತಿರ ತಂದು ಎಸೆಯುತ್ತಿದ್ದರು.

ಆ ಅರಿವೆಯೇ ನನ್ನ ತಲೆಯ ಮೇಲೆ ಬಂತು. ಹಗ್ಗ ಎಳೆಯುವ ಕೆಲಸ ತಪ್ಪಿದ ಮೇಲೆ ಮೈದುನನಿಗೆ ಹೊಳೆದದ್ದು: ದೋಣಿ ಇನ್ನೂ ದೊಡ್ಡದಿದ್ದರೂ ಗಾಳಿ ಎಳೆಯುತ್ತದಲ್ಲ! ಶಹಾಬಾದಿಗೆ ಕಾರ್ಖಾನೆಯ ಕೆಲಸಕ್ಕೆ ಹೋಗುವವರು ಆ ವರ್ಷಗಳಲ್ಲಿ ಒಬ್ಬೊಬ್ಬರಾಗಿ ಸೈಕಲ್ಲು ಕೊಂಡಿದ್ದರು. ಹಳೆಯ ದೋಣಿಯಲ್ಲಿ ಸೈಕಲ್ಲಿಗೆ ಜಾಗವಿಲ್ಲ. ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಪೆಡಲ್ಲು ಪಕ್ಕದವನ ಪಕ್ಕೆಗೆ ಚುಚ್ಚುತ್ತ, ಬೈಗುಳ ಕೇಳುತ್ತ ದಾಟಬೇಕು. ಹೊಸ ಧೋತರಕ್ಕೆ ಚೈನಿನ ಎಣ್ಣೆ ಹತ್ತಿ ಜಗಳವಾಗದ ವಾರವಿರಲಿಲ್ಲ. "ವೈನಿ, ಒಂದೂವರಿ ಮೊಳ ದೊಡ್ದು ಮಾಡಿಸಿದ್ರ ಸೈಕಲ್ ಆರಾಮ ನಿಂದರ್ತಾವ" ಎಂದು ಮೈದುನ ಹೇಳಿದಾಗ, ನಿಜ ಹೇಳಬೇಕೆಂದರೆ, ನನಗೂ ಹೌದು ಅನಿಸಿತ್ತು. ದೊಡ್ಡದು ನನಗೂ ಬೇಕಿತ್ತು. ಒಂದು ಹಲಗೆಯಷ್ಟು ದೊಡ್ಡದು, ಎರಡು ಸೈಕಲ್ಲಿನಷ್ಟು ದೊಡ್ಡದು. ಆದರೆ ಒಂದೂವರೆ ಮೊಳ ಉದ್ದವಾದರೆ ಅಗಲವೂ ಏರಬೇಕು, ಅರಿವೆಯೂ ಏರಬೇಕು. ಆ ಅರಿವೆ ಬಂಡೆಯ ತಿರುವಿನಲ್ಲಿ ಗಾಳಿ ತುಂಬಿಕೊಂಡಾಗ ಒಬ್ಬ ಹೆಂಗಸಿನ ಎರಡು ಕೈಗೆ ನಿಲ್ಲುವುದಲ್ಲ. ಅರಿವೆಗೆ ಒಬ್ಬರು, ಗಳಕ್ಕೆ ಒಬ್ಬರು ಬೇಕು. ಭಾವನಿಗೆ ಬೆಳೆದ ಮಕ್ಕಳಿದ್ದರು, ಮೈದುನನಿಗೆ ಹೆಂಡತಿಯ ತಮ್ಮನಿದ್ದ. ನನ್ನ ಮನೆಯಲ್ಲಿ ನಾನೊಬ್ಬಳೇ.

ದೋಣಿ ದೊಡ್ಡದಾಗಿ ನಮ್ಮ ಪಾಳಿ ಕೈತಪ್ಪಿದರೆ ನಾನು ಎಲ್ಲಿಗೆ ಹೋಗಬೇಕೆಂಬುದೂ ಆಗಲೇ ತೀರ್ಮಾನವಾಗಿತ್ತು. ವಾಡಿಗೆ. ಒಂದು ಸಲ ಅಮಾವಾಸ್ಯೆಯಿಂದ ಹುಣ್ಣಿಮೆಯ ತನಕ ಅಲ್ಲಿ ಇದ್ದು ನೋಡಿದ್ದೆ. ಒಂದು ಕೋಣೆ, ಹೊರಗೆ ಒಂದು ನಳ, ನಳದ ಮುಂದೆ ಕೊಡಗಳ ಸಾಲು. ಬೆಳಿಗ್ಗೆ ಒಗೆದು ಹಾಕಿದ ಸೀರೆ ಸಂಜೆಗೆ ಬೂದಿ ಬಣ್ಣ. ಅನ್ನದ ಮೇಲೆ ಧೂಳು, ಹಾಸಿಗೆಯ ಮೇಲೆ ಧೂಳು. ಗಂಡಸರು ಕೆಲಸಕ್ಕೆ ಹೋದ ಮೇಲೆ ಬಾಗಿಲಲ್ಲಿ ಕೂತು ರೈಲು ನೋಡುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಹೊಳೆಯಲ್ಲಿ ನಾನು ಕರೆದರೆ ಎರಡು ದಂಡೆಯ ಜನ ಓಡಿ ಬರುತ್ತಿದ್ದರು. ಅಲ್ಲಿ ನಾನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಮನೆಯವರು ಒಳ್ಳೆಯವರೇ. ಆದರೆ ಯಾವ ಮಾತಿಗೂ ಅವರದು ಒಂದೇ ಉತ್ತರ, "ನೋಡೋಣು." ದೋಣಿ ದೊಡ್ಡದು ಬೇಡ ಅನ್ನಿ ಎಂದರೆ ನೋಡೋಣು. ಪಾಳಿ ಬಿಡುವುದಿಲ್ಲ ಅನ್ನಿ ಎಂದರೆ ನೋಡೋಣು. ಆ ಮನುಷ್ಯ ಜೀವಮಾನದಲ್ಲಿ ಏನು ನೋಡಿದರೋ ನನಗೆ ಕೊನೆಗೂ ತಿಳಿಯಲಿಲ್ಲ.

ಮಾತು ಮುಗಿಯಲೂ ಇಲ್ಲ, ಮುಂದೆ ಹೋಗಲೂ ಇಲ್ಲ. ಮಳೆಗಾಲದಲ್ಲಿ ಸೈಕಲ್ಲಿನವರು ಬೈದಾಡಿದಾಗ ಗಂಡಸರು ಕಟ್ಟೆಗೆ ಕೂಡುತ್ತಿದ್ದರು. ಆದರೆ ಆಗ ಕಟ್ಟಿಗೆ ಹಸಿ, ಬಡಿಗೇರನಿಗೆ ಬಿತ್ತುವ ಕೂರಿಗೆಗಳ ಕೆಲಸ. "ಬ್ಯಾಸಿಗ್ಯಾಗ ನೋಡೋಣ" ಎಂದು ಏಳುತ್ತಿದ್ದರು. ಬೇಸಿಗೆಯಲ್ಲಿ ಹೊಳೆ ಇಳಿದು ಹಾಸುಗಲ್ಲು ಮೇಲೇಳುತ್ತಿತ್ತು. ಜನ ಸೈಕಲ್ಲು ತಳ್ಳಿಕೊಂಡು ಕಲ್ಲಿನ ಮೇಲೆಯೇ ದಾಟುತ್ತಿದ್ದರು. ನೀರಿನ ಜೊತೆ ಮಾತೂ ಇಳಿದು ಹೋಗುತ್ತಿತ್ತು. ಮತ್ತೆ ಮಳೆ, ಮತ್ತೆ ಕಟ್ಟೆ, ಮತ್ತೆ ಚಹಾ. ಈ ನಡುವೆ ಅವರು ಗೌಡರನ್ನು ಕೇಳಿದರು, ಮಠದ ಅಯ್ಯನವರನ್ನು ಕೇಳಿದರು, ಸೈಕಲ್ಲು ಪಂಕ್ಚರ್ ತಿದ್ದುವವನನ್ನು ಕೂಡ ಕೇಳಿದರು. ಅವನು ಈಜಲೂ ಬಾರದವನು. ಅವನೂ ತನ್ನ ಸಲಹೆ ಕೊಟ್ಟ.

ಒಂದು ಸಂಜೆ ತಡೆಯಲಾರದೆ ಚಹಾದ ತಟ್ಟೆ ಕೈಯಲ್ಲಿದ್ದಾಗಲೇ ಬಾಯಿ ಬಿಟ್ಟೆ. "ಅಷ್ಟ ದೊಡ್ದು ಆದ್ರ ಒಬ್ಬರ ಕೈಲೆ ಆಗಂಗಿಲ್ರಿ. ಅರಿವಿ ಗಾಳಿ ತುಂಬಿದ್ರ ಬಂಡಿಗಲ್ಲಿಗಿ ಹೋಗಿ ಬಡಿತದ" ಅಂದೆ.

ಮೈದುನ ಎಷ್ಟು ಪ್ರೀತಿಯಿಂದ ನಕ್ಕನೆಂದರೆ, ಆ ನಗು ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. "ನಿಮಗ ತ್ರಾಸ ಆಗಬಾರ್ದಂತೇ ನಾವು ಇಷ್ಟು ವಿಚಾರ ಮಾಡ್ಲಿಕತ್ತೀವಿ ವೈನಿ. ನೀವು ಫಿಕರ್ ಮಾಡಬ್ಯಾಡ್ರಿ. ಅಣ್ಣನ ಹಂತ್ಯಾಕ ಹೋಗಿ ಆರಾಮ ಇರ್ರಿ. ಅರಿವಿ ಒಂದು ಹೊಲಿದು ಕೊಟ್ಟ್ ಹೋಗ್ರಿ."

ಅರಿವೆ ಹೊಲಿದು ಕೊಟ್ಟು ಹೋಗಬೇಕಂತೆ. ನನ್ನನ್ನು ಹೊಳೆಯಿಂದ ಎಬ್ಬಿಸುವ ಅರಿವೆಯನ್ನೂ ನಾನೇ ಹೊಲಿಯಬೇಕು. ಒಳಗೆ ಹೋಗಿ ಚಹಾದ ಪಾತ್ರೆಯನ್ನು ಎಷ್ಟು ಜೋರಾಗಿ ಇಟ್ಟೆನೆಂದರೆ ಅದರ ಹಿಡಿ ಸೊಟ್ಟಗಾಯಿತು. ಆ ಪಾತ್ರೆ ಈಗಲೂ ಮನೆಯಲ್ಲಿದೆ.

ಕೊನೆಗೆ ಒಂದು ವರ್ಷ ಹೊಳೆ ಬತ್ತುವ ಮೊದಲೇ ಮೈದುನ ಕಟ್ಟಿಗೆ ಗೊತ್ತು ಮಾಡಿಬಿಟ್ಟ. ಬಡಿಗೇರ ಚಿತ್ತಾಪುರದವನು, ಮುದುಕ. ಕಟ್ಟೆಯ ಮೇಲೆ ಎಲ್ಲರ ಮುಂದೆ ಮಾತಾಯಿತು. ಮೈದುನ ಕಾರ್ಖಾನೆಯ ಗತ್ತಿನಲ್ಲಿ ಫೂಟು ಇಂಚು ಎಂದು ಶುರು ಮಾಡಿದ. ಬಡಿಗೇರ ತಲೆ ಅಲ್ಲಾಡಿಸಿದ. "ಫೂಟ ನಿಮ್ಮ ಕಾರ್ಖಾನಿಗಿ ಇಟ್ಕೋರಿ. ಹೊಸ್ತಿಲಾ, ತೊಟ್ಟಿಲಾ, ಡೋಣಿ, ಇವಕ್ಕ ಮೊಳಾನೇ. ಎಷ್ಟ್ ಮೊಳಾ ಹೇಳ್ರಿ." ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ರೂಢಿ. ಇಂಥವನ್ನು ಯಾರು ಬಳಸುತ್ತಾರೋ ಅವರ ಕೈಯ ಮೊಳದಲ್ಲೇ ಅಳೆಯಬೇಕು. ಬೇರೆಯವರ ಅಳತೆಯಲ್ಲಿ ಮಾಡಿದ್ದು ಮನೆಗೆ ಆಗಿಬರುವುದಿಲ್ಲ ಎನ್ನುತ್ತಾರೆ. ಹಳೆಯ ದೋಣಿ ಮಾವನ ತಂದೆಯ ಕೈಯಲ್ಲಿ ಒಂಬತ್ತು ಮೊಳ. ಹೊಸದು ಹತ್ತೂವರೆ ಮೊಳ ಎಂದು ಗಂಡಸರು ಒಪ್ಪಿ ವೀಳ್ಯ ಕೊಟ್ಟರು. ಯಾರ ಕೈಯ ಹತ್ತೂವರೆ ಎಂದು ಯಾರೂ ಹೇಳಲಿಲ್ಲ. ಭಾವ ತಮ್ಮ ಕೈ ಅಂದುಕೊಂಡರು, ಮೈದುನ ತನ್ನ ಕೈ ಅಂದುಕೊಂಡ. ಮನೆಯವರು ಏನು ಅಂದುಕೊಂಡರೋ, ನೋಡೋಣು ಅಂದುಕೊಂಡಿರಬೇಕು.

ಅಳತೆ ತೆಗೆದುಕೊಳ್ಳಲು ಬಡಿಗೇರ ಒಂದು ಶುಕ್ರವಾರ ಬೆಳಿಗ್ಗೆ ಬಂದ. ಕೈಯಲ್ಲಿ ಒಂದು ಬಿದಿರಿನ ಕೋಲು, ಸೊಂಟದಲ್ಲಿ ಚಾಕು. ಭಾವ ಬೀಜಕ್ಕೆಂದು ಸೇಡಂಗೆ ಹೋಗಿದ್ದರು. ಮೈದುನ ಕಾರ್ಖಾನೆಯಲ್ಲಿದ್ದ. ಮನೆಯವರು ವಾಡಿಯಲ್ಲಿ. ನಾನು ಪಾತ್ರೆ ತಿಕ್ಕುತ್ತಿದ್ದೆ, ಅತ್ತೆ ಪಡಸಾಲೆಯಲ್ಲಿ ಕೂತು ಬೇಳೆ ಆರಿಸುತ್ತಿದ್ದರು.

"ಗಂಡಸರು ಯಾರೂ ಇಲ್ರಿ. ನಾಳಿ ಬರ್ರಿ" ಅಂದೆ. ಹಾಗೆ ಅಂದದ್ದಕ್ಕೆ ಅತ್ತೆಯೇ ಸಾಕ್ಷಿ.

"ನಾಳಿ ಘಳಿಗಿ ಇಲ್ಲ ತಂಗಿ. ಇವತ್ತ ಬಿಟ್ರ ದೀಪಾವಳಿ ಆದಮ್ಯಾಲೇ" ಅಂದ ಬಡಿಗೇರ. "ಜಲ್ದಿ ಹೇಳ್ರಿ, ಯಾರ ಕೈ ಹಿಡೀಲಿ?"

ಅತ್ತೆ ಬೇಳೆಯಿಂದ ತಲೆ ಎತ್ತಲಿಲ್ಲ. "ಡೋಣ್ಯಾಗ ಕುಂದ್ರೋರ ಕೈ ಹಿಡೀಬೇಕೋ, ಕಟ್ಟಿ ಮ್ಯಾಲ ಕುಂದ್ರೋರ ಕೈ ಹಿಡೀಬೇಕೋ?" ಎಂದು ಕೇಳಿದರು.

"ಡೋಣ್ಯಾಗ ಕುಂದ್ರೋರ್ದೇ ಯವ್ವಾ."

"ಮತ್ತ ಇಕಿ ಕೈ ಹಿಡಿ."

ಬೂದಿ ಹತ್ತಿದ ಕೈಯನ್ನು ತೊಳೆದು ಚಾಚಿದೆ. ಬಳೆ ಅಡ್ಡ ಬಂತು, ಮೇಲಕ್ಕೆ ಸರಿಸಿದೆ. ಮೊಣಕೈಯಿಂದ ನಡುಬೆರಳಿನ ತುದಿಯ ತನಕ ಕೋಲು ಇಟ್ಟು ಬಡಿಗೇರ ಗುರುತು ಕೊರೆದು, ಅಲ್ಲಿಯೇ ಕತ್ತರಿಸಿದ. ನನ್ನ ಮೊಳ ಗಿಡ್ಡ. ನನ್ನಂಥ ಕೈಯವಳು ಸಂತೆಯಲ್ಲಿ ಹೂ ಮಾರಲು ಕೂತಿದ್ದರೆ ನಾನೇ ಅವಳ ಹತ್ತಿರ ಕೊಳ್ಳುತ್ತಿರಲಿಲ್ಲ. ಕೋಲು ತುಂಡಾಗಿ ಕೆಳಗೆ ಬಿದ್ದಾಗಲೇ ನನಗೆ ದೋಣಿ ಎಷ್ಟಾಗುತ್ತದೆಂಬುದು ತಿಳಿಯಿತು. ಅತ್ತೆಗೂ ತಿಳಿದಿತ್ತು. ಸಂಜೆ ಗಂಡಸರು ಬಂದು, ಬಡಿಗೇರ ಬಂದಿದ್ದನೇ, ಅಳತೆ ಆಯಿತೇ ಎಂದು ಕೇಳಿದರು. ಆಯಿತು ಅಂದೆ. ಮತ್ತೇನೂ ಅವರು ಕೇಳಲಿಲ್ಲ. ಅಷ್ಟು ವರ್ಷ ಕೇಳದವರಿಗೆ ಅವತ್ತು ನಾನಾಗಿ ಹೇಳುವ ಗರಜೂ ನನಗಿರಲಿಲ್ಲ.

ಮುಂಗಾರಿಗೆ ಮೊದಲು ದೋಣಿ ಬಂಡಿಯ ಮೇಲೆ ಬಂತು. ಊರೆಲ್ಲ ದಂಡೆಗೆ ಕೂಡಿತ್ತು. ಹೊಸ ಕಟ್ಟಿಗೆಯ ವಾಸನೆ, ಎಣ್ಣೆಯ ಹೊಳಪು, ಮೂತಿಗೆ ಅರಿಶಿಣ ಕುಂಕುಮ. ಇಳಿಸಿ ಹಳೆಯ ದೋಣಿಯ ಪಕ್ಕ ಇಟ್ಟರು. ಹಳೆಯದಕ್ಕಿಂತ ಹೊಸದು ನಾಲ್ಕು ಬೆರಳು ಉದ್ದವಿತ್ತು.

ಮೈದುನ ಬಗ್ಗಿ ತನ್ನ ಮೊಣಕೈ ಊರುತ್ತ ಅಳೆದ. ಮತ್ತೊಮ್ಮೆ ಅಳೆದ. ಅವನ ಮುಖ ಕೆಂಪಗಾಯಿತು. "ಏನ್ರೀ ಇದು, ಒಂಬತ್ತರ ಮ್ಯಾಲ ಜರಾ ಅದ! ಕಟ್ಟಿಗಿ ಹೊಡ್ಕೊಂಡೀರೇನು?"

ಬಡಿಗೇರ ಮುದುಕನಿಗೆ ಆ ಮಾತು ಎಲ್ಲಿಲ್ಲದ ಸಿಟ್ಟು ತಂದಿತು. "ಹತ್ತೂವರಿ ಅಂದ್ರಿ, ಹತ್ತೂವರಿ ಅದ. ಕೈ ಯಾರ್ದೋ ಅವರನ್ನ ಕರೀರಿ!" ಎಂದು ಕೂಗಿ ನನ್ನ ಕಡೆ ನೋಡಿದ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಮುಂದೆ ಬಂದೆ. ದೋಣಿಯ ಅಂಚಿನ ಮೇಲೆ ಮೊಣಕೈ ಊರಿ, ಬೆರಳು ಚಾಚಿ, ಮತ್ತೆ ಮೊಣಕೈ ಊರಿ, ಮೂತಿಯಿಂದ ಹಿಂಬದಿಯ ತನಕ ಅಳೆದೆ. ಹತ್ತೂವರೆ ಮೊಳ, ಒಂದು ಕಾಳಿನಷ್ಟೂ ಹೆಚ್ಚುಕಡಿಮೆಯಿಲ್ಲ.

ಹಿಂದಿನಿಂದ ಯಾರೋ ಹೋ ಎಂದು ನಕ್ಕರು. ಆ ನಗುವನ್ನು ಭಾವನಿಗೂ ಮೈದುನನಿಗೂ ಸಹಿಸಲಾಗಲಿಲ್ಲ. ಬೈಯಲು ಬಾಯಿಲ್ಲ, ರೂಢಿ ತಪ್ಪಿಲ್ಲ, ವೀಳ್ಯ ಕೊಟ್ಟಾಗಿದೆ, ಅರಿಶಿಣ ಹಚ್ಚಿದ ದೋಣಿಯನ್ನು ಹಿಂದಕ್ಕೆ ಕಳಿಸುವ ಹಾಗಿಲ್ಲ. "ಹೆಂಗಸಿನ ಮೊಳದ ಡೋಣ್ಯಾಗ ನಾ ಗಳಾ ಹಿಡ್ಯಂಗಿಲ್ಲ" ಎಂದು ಮೈದುನ ಹೊರಟ. ಭಾವ ಅವನ ಹಿಂದೆಯೇ ಹೋದರು. ಮುಂದಿನ ಸಂತೆಗೆ ಊರಿಗೆ ಬಂದ ಮನೆಯವರು ದೋಣಿಯ ಸುತ್ತ ಎರಡು ಸುತ್ತು ಬಂದು, "ಚಲೋ ಅದ" ಅಂದರು. ಅವರ ಬಾಯಿಂದ ನೋಡೋಣು ಅಲ್ಲದ ಮಾತು ಅದೇ ಮೊದಲು.

ಒಂದು ಪಾಳಿ ಉಳಿಸಿಕೊಳ್ಳಲು ಅಷ್ಟು ವರ್ಷ ಒಳಗೊಳಗೇ ಬೆಂದವಳ ಕೊರಳಿಗೆ ಮೂರು ಪಾಳಿಯೂ ಬಿತ್ತು. ಗಂಡಸರು ದೋಣಿ ಮುಟ್ಟಲಿಲ್ಲ. ಜನ ದಾಟಬೇಕಲ್ಲ, ನಾನೇ ದಾಟಿಸಿದೆ. ಸಂತೆಯಿಂದ ಸಂತೆಗೆ, ಬಿಡುವಿಲ್ಲದೆ. ಅಡುಗೆ ಅರ್ಧಕ್ಕೆ ಬಿಟ್ಟು, ತಲೆಗೆ ಎಣ್ಣೆ ಹಚ್ಚಲು ಹೊತ್ತಿಲ್ಲದೆ ಓಡಾಡಿದೆ. ಪಾಳಿ ಮಾತ್ರ ಹೆಸರಿಗೆ ಅವರವರದೇ. "ಈ ವಾರ ನಮ್ದು" ಎಂದು ಭಾವ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದರು, ನಾನು ನೀರಿನಲ್ಲಿರುತ್ತಿದ್ದೆ. ಸುಗ್ಗಿಯಲ್ಲಿ ಜೋಳ ಮೂರು ಪಾಲೇ ಆಯಿತು. ಅತ್ತೆಗೆ ಹೇಳಿದೆ. "ಡೋಣಿ ನಿನ್ನ ಅಳತಿ ಅದ. ಇನ್ನ ನಾ ಏನ್ ಮಾಡ್ಲಿ, ನೀನೇ ನೋಡ್ಕೋ" ಅಂದರು.

ಮುಂದಿನ ಮಳೆಗಾಲದಲ್ಲಿ ಹೊಳೆ ಚೆನ್ನಾಗಿ ತುಂಬಿ ಹರಿಯುತ್ತಿದ್ದಾಗ ಮೈದುನನ ಪಾಳಿಯ ವಾರ ಬಂತು. ಸಂಜೆ ಶಹಾಬಾದಿನ ಕಡೆಯಿಂದ ಕೆಲಸ ಬಿಟ್ಟ ಕಾರ್ಖಾನೆಯ ಭೋಂಗಾ ಕೇಳಿಸಿತು. ಸ್ವಲ್ಪ ಹೊತ್ತಿಗೆ ಆ ದಂಡೆಯಲ್ಲಿ ಸೈಕಲ್ಲಿನವರು ಕೂಡಿದರು. ನಾನು ಈ ದಂಡೆಯಲ್ಲಿ ಗಳ ಮಡಿಲಲ್ಲಿ ಇಟ್ಟುಕೊಂಡು ದೋಣಿಯ ಅಂಚಿನ ಮೇಲೆ ಕೂತೆ. ಏಳಲಿಲ್ಲ. ಮಳೆ ಹನಿಯತೊಡಗಿತು.

"ವೈನೀ, ಡೋಣಿ ತರ್ರಿ!" ಎಂದು ಮೈದುನ ಕೂಗಿದ.

"ಪಾಳಿ ಯಾರ್ದು?" ಎಂದು ಕೂಗಿದೆ.

ಅವನು ಏನೋ ಗೊಣಗಿದ. ಅವನ ಪಕ್ಕದವರು ನಗುವುದು ಕಂಡಿತು. ಮಳೆ ಜೋರಾಯಿತು. ಸೈಕಲ್ಲಿನವರು ಅವನ ಮೇಲೆ ರೇಗತೊಡಗಿದರು. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಕೇಳಿದೆ, "ಪಾಳಿ ಯಾರ್ದು ಹೇಳ್ರಿ!"

"ನಿಮ್ದು ವೈನೀ!" ಎಂದು ಅವನು ಗಂಟಲು ಹರಿಯುವಂತೆ ಕೂಗಿದ. "ನಂದೂ ನಿಮ್ದೇ, ಅಣ್ಣಂದೂ ನಿಮ್ದೇ! ಜೋಳಾನೂ ನಿಮ್ದೇ! ಬರ್ರಿ ಇನ್ನ!" ಎರಡೂ ದಂಡೆಯ ಜನ ಕೇಳಿದರು. ಹೊಳೆಯ ದಂಡೆಯಲ್ಲಿ ಜನರ ಮುಂದೆ ಆಡಿದ ಮಾತನ್ನು ನಮ್ಮವರು ತಿರುಗಿಸುವುದಿಲ್ಲ.

ನಾನು ಎದ್ದು ದೋಣಿ ತಳ್ಳಿದೆ. ಹೋಗಿ ಅವರನ್ನು ಕೂರಿಸಿಕೊಂಡು, ಹರಿವಿನಲ್ಲಿ ಕೆಳಗೆ ಸರಿದು, ತಿರುವಿನಲ್ಲಿ ಅರಿವೆ ಬಿಚ್ಚಿದೆ. ಗಾಳಿ ಒಳ್ಳೆಯದಿತ್ತು, ದೋಣಿ ಸುಮ್ಮನೆ ಮೇಲಕ್ಕೆ ಬಂತು. ಮೈದುನ ನನ್ನ ಎದುರಿಗೇ ಕೂತಿದ್ದ, ಒದ್ದೆಯಾಗಿ, ತುಟಿ ಬಿಗಿದುಕೊಂಡು. ಪಕ್ಕದವನ ಪೆಡಲ್ಲು ಅವನ ಪಕ್ಕೆಗೆ ತಾಗುತ್ತಿತ್ತು. ಇನ್ನೊಂದು ಹಲಗೆಯಷ್ಟು ದೊಡ್ಡದಿದ್ದರೆ ಎಂದು ನನಗೇ ಅನಿಸಿತು, ನನ್ನನ್ನು ಮೊದಲೇ ಕೇಳಿದ್ದರೆ ಅಷ್ಟನ್ನು ನಾನೇ ಹೇಳುತ್ತಿದ್ದೆ. ಅವನ ಸೈಕಲ್ಲು ಅವನ ತೊಡೆಯ ಮೇಲೆಯೇ ಇತ್ತು.